ಮುಂದಿನ ಮನೆಯ ಗುಂಡಿ

ಬಸ್ಸುಗಳ ಸಾಲು ಸರಿದು, ಹ್ಯಾಂಡ್ ಬ್ರೇಕ್ ಎಳೆದು, ನೀರಿನ ಪೈಪು ಗುಂಡಿಗೆ ಇಳಿಸಿ ಬರುವಷ್ಟರಲ್ಲಿ ನನ್ನ ಹೆಂಡತಿ ನೀಲವ್ವ ಒಳಗಿನಿಂದ ಗ್ಯಾಸಿನ ವಾಸನೆ ಅಂದಳು. ನಾನು ಮೊದಲು ಅವಳನ್ನೇ ಬೈದೆ. ರಾತ್ರಿ ಒಲೆಯ ನಾಬ್ ತಿರುಗಿಸಿದೆಯೋ ಇಲ್ಲವೋ, ನಿನ್ನ ಕೈಗೆ ಏನು ಬಂದಿದೆ ಎಂದು ಕೇಳಿದೆ. ಅವಳು ಆ ನಾಬನ್ನೇ ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟು ಹೋದಳು. ನೋಡಿದರೆ ಒಲೆ ಬಂದ್ ಆಗಿತ್ತು. ವಾಸನೆ ಮಾತ್ರ ಇತ್ತು. ಮೊಣಕಾಲು ಹಿಡಿದುಕೊಂಡು ಓಡಾಡುವ ಹೆಂಗಸಿನ ಮೇಲೆ ಬೆಳಿಗ್ಗೆ ಬೆಳಿಗ್ಗೆ ಹರಿಹಾಯ್ದದ್ದು ಸರಿಯಲ್ಲ ಅಂತ ಗೊತ್ತಾಯಿತು. ಆದರೆ ಅಂಥದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ಇಂಜಿನ್ ಆರಿಸಿ ಕಿಟಕಿಗಳನ್ನೆಲ್ಲ ತೆಗೆದೆ.

ನಮ್ಮ ಊರಲ್ಲಿ ನೆಲ ಒಂದೇ ಮನೆಯನ್ನು ಎರಡು ರಾತ್ರಿ ಹೊರುವುದಿಲ್ಲ. ಬೇರೆ ಮನೆಯಾದರೆ ಅದಕ್ಕೆ ತಕರಾರಿಲ್ಲ. ಅದೇ ಮನೆ ಎರಡನೆಯ ರಾತ್ರಿಯೂ ಅಲ್ಲೇ ನಿಂತರೆ ಬೆಳಗಾಗುವಷ್ಟರಲ್ಲಿ ಗಾಲಿ ಮುಳುಗಿರುತ್ತದೆ. ಮರುದಿನ ಕಿಟಕಿಯ ತನಕ ಹೋಗುತ್ತದೆ. ಆಮೇಲೆ ಮೇಲಿನ ಸಾಮಾನು ಕಟ್ಟುವ ಕಂಬಿ ಮಾತ್ರ ಕಾಣುತ್ತದೆ. ಅದಕ್ಕೇ ನಾವೆಲ್ಲ ಹಳೆಯ ಬಸ್ಸುಗಳಲ್ಲಿ ಸಂಸಾರ ಮಾಡುತ್ತೇವೆ. ಕೆರೆಯ ಸುತ್ತ ಒಂದರ ಹಿಂದೊಂದು ಬಸ್ಸು. ಬೆಳಗಿನ ಚಹಾ ಆದ ಮೇಲೆ ಎಲ್ಲರೂ ಒಂದೊಂದು ಜಾಗ ಮುಂದಕ್ಕೆ ಸರಿಯುತ್ತೇವೆ. ಮುಂದಿನವರು ಬಿಟ್ಟ ಜಾಗದಲ್ಲಿ ಹಿಂದಿನವರು ಆ ದಿನದ ಬಾಳ್ವೆ ಮಾಡುತ್ತಾರೆ. ಹೆಣ ಎತ್ತುವ ದಿನವೂ ಮೊದಲು ಸಾಲು ಸರಿಯಬೇಕು, ಆಮೇಲೆ ಅಳು. ಮದುವೆಯ ದಿನವೂ ಹಾಗೆಯೇ.

ಪ್ರತಿ ಜಾಗದಲ್ಲಿ ಕಲ್ಲು ಕಟ್ಟಿದ ಒಂದು ಗುಂಡಿ ಇದೆ. ಬಸ್ಸಿನ ಅಡುಗೆಮನೆಯ ನೀರು, ಬಚ್ಚಲ ನೀರು ಎರಡೂ ರಬ್ಬರ್ ಪೈಪಿನಲ್ಲಿ ಇಳಿದು ಅದಕ್ಕೆ ಬೀಳುತ್ತವೆ. ಆ ಗುಂಡಿಯನ್ನು ತುಂಬಿಸಿದವರು ತೆಗೆಯುವಂತಿಲ್ಲ, ಹಿಂದಿನಿಂದ ಬಂದವರು ತೆಗೆಯಬೇಕು. ಸಾಲು ಸರಿದ ತಕ್ಷಣ ಪ್ರತಿ ಮನೆಯಿಂದ ಒಬ್ಬರು ಮೂಗು ಬಾಯಿ ಮುಚ್ಚುವ ಹಾಗೆ ಟವೆಲ್ಲು ಸುತ್ತಿಕೊಂಡು, ಅದರ ಮಡಿಕೆಯಲ್ಲಿ ಕರ್ಪೂರ ಇಟ್ಟುಕೊಂಡು, ಚಪ್ಪಡಿ ಸರಿಸಿ, ಮುಂದಿನ ಮನೆಯವರು ಬಿಟ್ಟದ್ದನ್ನು ಬಾಚಿ ತೆಗೆಯುತ್ತಾರೆ. ಟವೆಲ್ಲು ಕಟ್ಟುವುದು ನಾತಕ್ಕೆ ಮಾತ್ರ ಅಲ್ಲ, ಮರ್ಯಾದೆಗೂ ಹೌದು. ನಾನು ಮೂಸಲಿಲ್ಲ, ಆಡಿಕೊಳ್ಳಲೂ ಇಲ್ಲ ಅಂತ ಅರ್ಥ. ಯಾರು ಕುಡಿಯುತ್ತಾರೆ, ಯಾರಿಗೆ ವಾಂತಿ, ಯಾರು ಔಷಧಿ ಚೆಲ್ಲುತ್ತಾರೆ, ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಎಲ್ಲ ಗುಂಡಿಯಲ್ಲಿ ಕಾಣುತ್ತದೆ. ಕಂಡದ್ದು ಕಣ್ಣಲ್ಲೇ ಉಳಿಯಬೇಕು. ಇದೇ ಕಾರಣಕ್ಕೆ ಹಿಂದಿನ ಮನೆಯವರು ಮುಂದಿನ ಮನೆಯ ಬಾಗಿಲಿಗೆ ಯಾವತ್ತೂ ಹೋಗುವುದಿಲ್ಲ. ಮುಂದಿನವರು ಬೇಕಾದರೆ ಹಿಂದಿನವರ ಮನೆಗೆ ಬಂದು ಚಹಾ ಕುಡಿದು ಹೋಗಬಹುದು. ಎದುರು ಸಿಕ್ಕಾಗ ಇಬ್ಬರೂ ಮಳೆ, ಬಿಸಿಲು ಅಂತ ಮಾತಾಡಿ ಮುಗಿಸುತ್ತಾರೆ.

ನಮ್ಮ ಮುಂದಿನ ಮನೆ ಸಾವಂತ್ರಕ್ಕನದು. ಗಂಡ ತೀರಿಹೋದ ಮೇಲೆ ಒಬ್ಬಳೇ ಇರುತ್ತಾಳೆ. ಚಕ್ಕುಲಿ, ಕೋಡುಬಳೆ ಕರಿದು ಮಾರುತ್ತಾಳೆ. ಊರಿನ ಪೂಜೆಗಳಿಗೆಲ್ಲ ಎಡೆ ಮಾಡಿಸುವುದು ಅವಳ ಕೈಯಲ್ಲೇ, ಯಾಕೆಂದರೆ ಅವಳಷ್ಟು ಮಡಿ ಯಾರೂ ಇಲ್ಲ ಅಂತ ಹೆಸರು. ಎಷ್ಟೋ ವರ್ಷ ಎಣ್ಣೆ ಹೊಗೆಯಲ್ಲಿ, ಮೆಣಸಿನಕಾಯಿ ಘಾಟಿನಲ್ಲಿ ನಿಂತು ಅವಳ ಮೂಗು ಸತ್ತುಹೋಗಿದೆ. ಎಣ್ಣೆ ಸೀದರೂ ಬಣ್ಣ ನೋಡಿಯೇ ತಿಳಿಯಬೇಕು ಅಂತ ಅವಳೇ ನಗುತ್ತಾ ಹೇಳುತ್ತಿದ್ದಳು.

ಆ ಮೊದಲ ದಿನ ನಾನು ನನ್ನ ಮನೆಯನ್ನು ಪೂರ್ತಿ ಬಿಚ್ಚಿದೆ. ನನ್ನದು ಪಂಕ್ಚರ್ ಕೆಲಸ. ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುವುದೇ ನನ್ನ ಹೊಟ್ಟೆಪಾಡು. ಸೋಪು ಕದಡಿ ನೊರೆ ಮಾಡಿಕೊಂಡು ರೆಗ್ಯುಲೇಟರಿಗೆ ಹಚ್ಚಿದೆ, ಪೈಪಿನ ಉದ್ದಕ್ಕೂ ಹಚ್ಚಿದೆ, ಒಲೆಯ ಹೊಟ್ಟೆಯೊಳಗೆ ಕೈ ತೂರಿಸಿ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ವಾಷರ್ ಬದಲಿಸಿದೆ. ಇದ್ದ ಪೈಪು ಗಟ್ಟಿಯಾಗಿದ್ದರೂ ಕಿತ್ತೆಸೆದು ಹೊಸದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ವಾಸನೆ ಇಳಿಯಿತು. ಗೆದ್ದೆ ಅಂದುಕೊಂಡು ಮಲಗಿದೆ. ಮರುದಿನ ಸಾಲು ಸರಿದು ನಿಂತ ಸ್ವಲ್ಪ ಹೊತ್ತಿಗೆ ಮತ್ತೆ ಅದೇ, ನಿನ್ನೆಗಿಂತ ಜೋರು. ಆಗ ನೀಲವ್ವ ಕಿಟಕಿಯ ಹತ್ತಿರ ಕೂತುಬಿಟ್ಟಳು. ಅವಳು ಮಾತಾಡದಿದ್ದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ನಮ್ಮಲ್ಲಿ ಗ್ಯಾಸಿನ ವಾಸನೆ ಮುಚ್ಚಿಡುವಂತಿಲ್ಲ. ಹಿಂದೊಮ್ಮೆ ಯಾರೋ ಮುಚ್ಚಿಟ್ಟು, ಬೆಳಿಗ್ಗೆ ಇಂಜಿನ್ ಹಚ್ಚಿ, ಅವರ ಬಸ್ಸೂ ಸುಟ್ಟು ಹಿಂದುಮುಂದಿನ ಬಸ್ಸುಗಳೂ ಸುಟ್ಟವು. ಸಾಲಿನ ಯಜಮಾನ ಈರಸಂಗಪ್ಪನಿಗೆ ಹೋಗಿ ಹೇಳಿದೆ. ಅವನು ಬಂದು, ಬಾಗಿಲಲ್ಲೇ ನಿಂತು ಮೂಸಿ, ಇನ್ನು ಮೇಲೆ ಇಂಜಿನ್ ಮುಟ್ಟಬೇಡ, ನಾಳೆ ಕೈಯಿಂದ ತಳ್ಳಿಸುತ್ತೇನೆ, ತಳ್ಳಿಸಿದ ಮೇಲೂ ವಾಸನೆ ಬಂದರೆ ಮನೆಯನ್ನು ಸಾಲಿನಿಂದ ಹೊರಗೆ ಹಾಕಬೇಕಾಗುತ್ತದೆ ಅಂದ. ಹೊರಗೆ ಹಾಕುವುದು ಅಂದರೆ ಆಚೆಯ ಬಯಲಿಗೆ ಎಳೆದು ನಿಲ್ಲಿಸುವುದು. ಆಮೇಲೆ ಉಳಿದದ್ದನ್ನು ನೆಲ ನೋಡಿಕೊಳ್ಳುತ್ತದೆ. ಮನೆ ಹೋದವರು ಯಾರದಾದರೂ ಬಸ್ಸಿನ ಹಿಂದಿನ ಸೀಟಿನ ಜಾಗದಲ್ಲಿ ಪರದೆ ಕಟ್ಟಿಕೊಂಡು ಇರುತ್ತಾರೆ. ಹಾಗೆ ಇರುವವರನ್ನು ನಾನು ನೋಡಿದ್ದೇನೆ. ಅವರು ಕೆಮ್ಮುವುದಕ್ಕೂ ಅಪ್ಪಣೆ ಕೇಳುವವರ ಹಾಗೆ ಕೆಮ್ಮುತ್ತಾರೆ. ಈ ಬಸ್ಸನ್ನು ನಾವಿಬ್ಬರೂ ಸೇರಿ ಮನೆ ಮಾಡಿದವರು. ಸೀಟು ಬಿಚ್ಚಿದವಳು ನೀಲವ್ವ, ಹಲಗೆ ಹೊಡೆದವನು ನಾನು. ಮಕ್ಕಳಿಲ್ಲ. ಇರುವುದು ಇದೊಂದೇ.

ಅವತ್ತು ಸಿಲಿಂಡರನ್ನೇ ಬಿಚ್ಚಿ, ಹೆಗಲ ಮೇಲೆ ಹೊತ್ತು, ದೂರದ ಬೇವಿನ ಮರದ ಕೆಳಗೆ ಇಟ್ಟು ಬಂದೆ. ನೀಲವ್ವ ಹೊರಗೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿದಳು. ಮರುದಿನ ಬೆಳಿಗ್ಗೆ ಜನ ಬಂದು ತಳ್ಳಿದರು. ಉಪಕಾರಕ್ಕೆ ಬಂದವರ ಬಾಯಿ ಸುಮ್ಮನಿರುತ್ತದೆಯೇ. ಊರಿನ ಗಾಲಿಯ ಗಾಳಿ ಹಿಡಿಯುವವನಿಗೆ ಮನೆಯ ಗ್ಯಾಸ್ ಸಿಗಲಿಲ್ಲ ಅಂತ ಒಬ್ಬ ಅಂದ. ಇವನ ಬಾಯಿಯಿಂದಲೇ ಬರುತ್ತಿರಬೇಕು, ಬೈದೂ ಬೈದೂ ಅಂತ ಇನ್ನೊಬ್ಬ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ, ಹಲ್ಲು ಕಚ್ಚಿಕೊಂಡೆ. ಮನೆ ಹೋಗಿ ನಿಂತಿತು. ಸಿಲಿಂಡರ್ ಬಯಲಲ್ಲಿದೆ, ಒಲೆಯಲ್ಲಿ ಏನೂ ಇಲ್ಲ, ಆದರೂ ನಾವು ಪೈಪನ್ನು ಗುಂಡಿಗೆ ಇಳಿಸಿ ಇತ್ತ ತಿರುಗುವಷ್ಟರಲ್ಲಿ ಒಳಗೆ ಕಣ್ಣುರಿಯುವ ಹಾಗೆ ವಾಸನೆ.

ಈರಸಂಗಪ್ಪ ತಲೆ ಅಲ್ಲಾಡಿಸಿದ. "ಮನಿ ಗ್ಯಾಸ್ ಕುಡದೈತಿ ಫಕೀರಪ್ಪ. ಹಲಗಿ, ರೆಗ್ಜೀನು, ಎಲ್ಲಾ ಕುಡದಾವು. ಇನ್ನ ಇದು ಹೋಗೂ ವಾಸನಿ ಅಲ್ಲ. ನಾಳೆ ಸಾಲು ಸರಿಯೂ ಮದ್ಲ ಎಳಸ್ತೀನಿ. ಇವತ್ತ ಸಾಮಾನು ಕಟಗೋರಿ."

ಅವನ ಮೇಲೆ ಕೂಗಾಡೋಣವೆಂದು ಬಾಯಿ ತೆರೆದೆ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು. ಎರಡು ದಿನ ಮನೆಯ ಅಡಿಯಲ್ಲಿ ಅಂಗಾತ ಮಲಗಿ ನನ್ನ ಬೆನ್ನು ಹೋಗಿತ್ತು. ನೀಲವ್ವ ಅಳದೆ ಪಾತ್ರೆಗಳ ನಡುವೆ ಬಟ್ಟೆ ತುರುಕಿ ಕಟ್ಟತೊಡಗಿದ್ದಳು. ಮನೆ ಹೋದರೂ ಇವತ್ತಿನ ಗುಂಡಿ ತೆಗೆಯುವುದು ತಪ್ಪುವುದಿಲ್ಲ. ಟವೆಲ್ಲು ಎಲ್ಲಿ ಅಂದೆ. ಗಾಜಿನ ಭರಣಿಗೆ ಸುತ್ತಿದ್ದೇನೆ, ಇನ್ನು ಬಿಚ್ಚುವುದಿಲ್ಲ ಅಂದಳು. ಆಯಿತು ಅಂತ ಬರೀ ಮುಖದಲ್ಲೇ ಹೋಗಿ ಕೂತು ಚಪ್ಪಡಿ ಸರಿಸಿದೆ.

ಮುಖಕ್ಕೆ ಬಡಿಯಿತು. ನಾತವಲ್ಲ, ಗ್ಯಾಸು. ಗುಂಡಿಯ ತುಂಬ ಗ್ಯಾಸು ನೀರಿನ ಹಾಗೆ ತುಂಬಿಕೊಂಡು ನಿಂತಿತ್ತು. ಹಿಂದೆ ಸರಿದು ಕೂತೆ. ಇದು ನಾವು ಬಂದು ನಿಂತ ಜಾಗ, ನಾವು ತುಂಬಿಸಿದ ಗುಂಡಿ ಅಲ್ಲ. ಈ ಗುಂಡಿಯನ್ನು ನಿನ್ನೆ ತುಂಬಿಸಿದವಳು ಸಾವಂತ್ರಕ್ಕ. ಗ್ಯಾಸು ಭಾರ, ಕೆಳಕ್ಕೆ ಇಳಿಯುವಂಥದ್ದು. ಅವಳ ಅಡುಗೆಮನೆಯಲ್ಲಿ ನೆಲದ ಹತ್ತಿರ ಎಲ್ಲೋ ಸೋರಿ, ನೀರು ಹೋಗುವ ತೂತಿನಲ್ಲೇ ಇಳಿದು, ರಾತ್ರಿಯಿಡೀ ಗುಂಡಿಯಲ್ಲಿ ಸೇರಿ, ಬೆಳಿಗ್ಗೆ ನಮ್ಮ ನೀರು ಗುಂಡಿಗೆ ಬಿದ್ದಂತೆ ಮೇಲಕ್ಕೆ ತಳ್ಳಿಸಿಕೊಂಡು, ನಮ್ಮ ಪೈಪು ಹತ್ತಿ ನಮ್ಮ ಮನೆಗೆ ಬರುತ್ತಿತ್ತು. ನಾನು ಕರ್ಪೂರ ಮೂಸುತ್ತಾ ಎರಡು ದಿನವೂ ಅದರ ಮೇಲೇ ಬಗ್ಗಿ ಗುಂಡಿ ತೆಗೆದು, ಆಮೇಲೆ ನನ್ನ ಮನೆಯ ಮೊಳೆ ಮೊಳೆಗೂ ಸೋಪು ಹಚ್ಚಿದ್ದೆ.

ನೀಲವ್ವ ಬಂದು ನಿಂತಳು. ಹೇಳಿದೆ. ನಮ್ಮ ಮನೆ ಉಳಿಯಿತು ಅಂತ ಇಬ್ಬರಿಗೂ ಒಂದೇ ಸಲ ಹೊಳೆಯಿತು, ಆದರೆ ಇಬ್ಬರ ಮುಖದಲ್ಲೂ ನಗು ಬರಲಿಲ್ಲ. ಈರಸಂಗಪ್ಪನಿಗೆ ಹೇಳಿದರೆ ನಮ್ಮ ಬದಲು ಸಾವಂತ್ರಕ್ಕನ ಮನೆಯನ್ನು ಎಳೆಸುತ್ತಾನೆ. ಸುಮ್ಮನಿದ್ದರೆ ನಮ್ಮದು ಹೋಗುತ್ತದೆ, ಇವತ್ತೋ ನಾಳೆಯೋ ಅವಳೂ ಹೋಗುತ್ತಾಳೆ. ನೇರವಾಗಿ ಅವಳಿಗೆ ಹೇಳೋಣವೆಂದರೆ ಗುಂಡಿಯ ಮಾತು ಎತ್ತಿಕೊಂಡು ಅವಳ ಬಾಗಿಲಿಗೆ ಹೋಗಬೇಕು. ನಾನು ಗಾಲಿಗೆ ಒರಗಿ ಕೂತೆ.

"ಯಾಕ ಕುಂತ್ರಿ?" ಅಂದಳು ನೀಲವ್ವ. "ಊರ ಮಂದಿಗೆಲ್ಲಾ ಬಾಯಿಗೆ ಬಂದಂಗ ಬೈತೀರಿ. ಬೈಯಬೇಕಾದಾಗ ಬಾಯಿ ಹೊಲಕೊಂಡು ಕುಂತ್ರ ಹ್ಯಾಂಗ? ಆಕಿ ಈಗ ಎಣ್ಣಿ ಇಡೂ ಹೊತ್ತು."

ಎದ್ದು ಓಡಿದೆ. ಓಡಿದ್ದನ್ನು ನೋಡಿ ಜನ ಹಿಂದೆ ಬಂದರು. ಹಿಂದಿನ ಮನೆಯವನು ಮುಂದಿನ ಮನೆಯ ಬಾಗಿಲಿಗೆ ಹೋಗುವುದನ್ನು ಯಾರೂ ಕಂಡಿರಲಿಲ್ಲ. ಸಾವಂತ್ರಕ್ಕ ಬಸ್ಸಿನ ಮೆಟ್ಟಿಲ ಮೇಲೆ ಬಂದು ನಿಂತಳು, ಒಂದು ಕೈಗೆ ಹಿಟ್ಟು ಅಂಟಿತ್ತು, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ. ಅವಳ ಹಿಂದೆ ಒಲೆಯ ಮೇಲೆ ಬಾಣಲೆ ಕಾಣುತ್ತಿತ್ತು. ನಿಮ್ಮ ಮನೆಯಲ್ಲಿ ಗ್ಯಾಸ್ ಸೋರುತ್ತಿದೆ, ಒಲೆ ಹಚ್ಚಬೇಡಿ ಅಂದೆ. ಯಾರು ಹೇಳಿದರು ಅಂದಳು. ಗುಂಡಿ ಅನ್ನಲೇಬೇಕಾಯಿತು.

ಅವಳ ಮುಖ ಬಿಗಿಯಿತು. "ಗುಂಡಿ ಮಾತು ನನ್ನ ಬಾಗಲಕ ಹೊತಗೊಂಡು ಬಂದಿ? ನಾಳೆ ನಿನ್ನ ಮನಿ ಹೋಗತೈತಿ ಅಂತ ಇವತ್ತ ನನ್ನ ತಲಿಗೆ ಕಟ್ಟಾಕ ಬಂದೀಯೇನು?"

ಅವಳು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮನೆ ಕಳೆದುಕೊಳ್ಳುವವನು ಇನ್ನೇನು ಮಾಡುತ್ತಾನೆ, ಹಿಂದೆ ನಿಂತ ಜನವೂ ಹಾಗೇ ಅಂದುಕೊಳ್ಳುತ್ತಿತ್ತು. ಒಂದು ಸಲ ಒಳಗೆ ಬಿಡಿ, ಸೋಪಿನ ನೊರೆ ಹಚ್ಚಿ ತೋರಿಸುತ್ತೇನೆ ಅಂದೆ. ಮಡಿಯ ಅಡುಗೆಮನೆಗೆ ಪಂಕ್ಚರ್ ಹಾಕುವ ಕೈಯನ್ನು ಬಿಡುವುದಿಲ್ಲ ಅಂದಳು. ವಾಸನೆ ನಿಮಗೆ ಬರುವುದಿಲ್ಲ ಅಕ್ಕಾ, ಮೂಗು ಹೋಗಿದೆ ಅಂತ ನೀವೇ ಹೇಳುತ್ತಿದ್ದಿರಿ ಅಂದೆ. ಅದು ಅವಳಿಗೆ ಇನ್ನೂ ಚುಚ್ಚಿತು.

"ನೋಡು, ಎಲ್ಲಾರ ಮುಂದ ಈಗ ಹಚ್ಚಿ ತೋರಸ್ತೀನಿ," ಅಂದು ಕಡ್ಡಿಪೆಟ್ಟಿಗೆ ತೆರೆದಳು. ಒಳಗೆ ತಿರುಗಿದಳು.

ಒಳಗೆ ನುಗ್ಗಿ ಕಿತ್ತುಕೊಳ್ಳಬಹುದಿತ್ತು ಅಂತ ಆಮೇಲೆ ಜನ ಹೇಳಿದರು. ಆಮೇಲೆ ಹೇಳುವುದು ಸುಲಭ. ಅವಳು ಮೆಟ್ಟಿಲ ಮೇಲೆ, ನಾನು ನೆಲದ ಮೇಲೆ, ನಡುವೆ ಬಾಗಿಲು. ಎಳೆದಾಡಿದರೆ ಕಡ್ಡಿ ಎಲ್ಲಿ ಹೊತ್ತುತ್ತದೋ. ಅವಳನ್ನು ನಿಲ್ಲಿಸಬಲ್ಲ ಒಂದೇ ಒಂದು ಮಾತು ನನ್ನ ಹತ್ತಿರ ಇತ್ತು. ಅದು ಬಾಯಿಗೆ ಬಂದೇ ಬಿಟ್ಟಿತು.

"ತತ್ತಿ ಸಿಪ್ಪಿ, ಅಕ್ಕಾ," ಅಂದೆ. "ಅಣ್ಣಾರು ಹೋದಾಗಿಂದ ನಿಮ್ಮ ಗುಂಡಿಯಾಗ ತತ್ತಿ ಸಿಪ್ಪಿ ತಗದೇನಿ. ಶ್ರಾವಣದಾಗೂ ತಗದೇನಿ. ಯಾರ ಮುಂದರ ಒಂದ್ ಮಾತು ಆಡೇನಿ? ಇಷ್ಟು ವರ್ಷ ಮುಚಗೊಂಡಾವ ಇವತ್ತ ಸುಳ್ಳ್ಯಾಕ ಹೇಳಲಿ?"

ಮಡಿಯವಳ ಮನೆಯಲ್ಲಿ ಮೊಟ್ಟೆಯೇ ಅಂತ ಹಿಂದೆ ನಿಂತವರಲ್ಲಿ ಒಬ್ಬ ಅಂದ. ಸಾವಂತ್ರಕ್ಕ ನಮಗೆ ಬೆನ್ನು ಮಾಡಿಕೊಂಡೇ ಕಡ್ಡಿಪೆಟ್ಟಿಗೆ ಮುಚ್ಚಿದಳು. ಆಮೇಲೆ ಅದನ್ನು ಸೆರಗಿನ ಗಂಟಿಗೆ ಸೇರಿಸಿ ಕೆಳಗಿಳಿದು ಬಂದಳು. ನನ್ನನ್ನು ದಾಟಿ ಹೋಗಿ ಕೆರೆಯ ಕಡೆ ಮುಖ ಮಾಡಿ ನಿಂತಳು. ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಒಳಗೆ ಹೋಗಿ ಮೊದಲು ಸಿಲಿಂಡರ್ ಬಂದ್ ಮಾಡಿ ಕಿಟಕಿ ತೆರೆದೆ. ಒಲೆಯ ಕೆಳಗೆ, ಹಿಟ್ಟಿನ ದೊಡ್ಡ ಡಬ್ಬಿಯ ಹಿಂದೆ, ನೆಲಕ್ಕೆ ಹತ್ತಿದ ಹಾಗೆ ತಾಮ್ರದ ಪೈಪು ಹೋಗಿತ್ತು. ಮನೆ ಸರಿದಾಗಲೆಲ್ಲ ಡಬ್ಬಿಯ ಅಂಚು ಅದಕ್ಕೆ ಉಜ್ಜಿ ಉಜ್ಜಿ ಸವೆಸಿತ್ತು. ಅದರ ಪಕ್ಕದಲ್ಲೇ ನೀರು ಹೋಗುವ ತೂತು. ವಾಸನೆ ಇಳಿದ ಮೇಲೆ ನೊರೆ ಹಚ್ಚಿ, ಸಿಲಿಂಡರನ್ನು ಒಂದು ಗಳಿಗೆ ಬಿಟ್ಟು ನೋಡಿದೆ. ನೊರೆ ಉಬ್ಬಿ ಉಬ್ಬಿ ಬಂತು, ಹಾಲು ಉಕ್ಕುವ ಹಾಗೆ. ಈರಸಂಗಪ್ಪನನ್ನು ಕರೆದು ಅವನ ಕಣ್ಣಿಗೆ ಕಾಣಿಸಿ ಮತ್ತೆ ಬಂದ್ ಮಾಡಿದೆ.

ಅವನು ಹೊರಗೆ ಬಂದು, ಹಾಗಾದರೆ ಎಳೆಯಬೇಕಾದದ್ದು ಈ ಮನೆ ಅಂದ. ಆಗ ನನಗೆ ನಿಜವಾಗಿ ಸಿಟ್ಟು ಬಂತು. ವಾಸನೆ ಎಲ್ಲಿಂದ ಅಂತ ಸಿಗದಿದ್ದರೆ ತಾನೇ ಎಳೆಯುವುದು, ಸಿಕ್ಕಿದೆಯಲ್ಲ, ಸಿಕ್ಕಮೇಲೂ ಎಳೆಯುತ್ತೇನೆ ಅನ್ನುವುದಾದರೆ ಮೊದಲು ನನ್ನ ಮೇಲೆ ಬಸ್ಸು ಹತ್ತಿಸು ಅಂತ ಕೂಗಿದೆ. ಬೋಲ್ಟು ಬಿಚ್ಚುವ ಪಾನಾ ಕೈಯಲ್ಲಿತ್ತು. ಅವನು ಅದನ್ನು ನೋಡಿಯೋ ಏನೋ, ಸಂಜೆಯೊಳಗೆ ಸರಿಮಾಡು ಅಂದು ಹೋದ. ಸವೆದ ಪೈಪು ಕತ್ತರಿಸಿ ತೆಗೆದು, ಗೋಡೆಯ ಮೇಲಿನಿಂದ ಹೊಸ ಪೈಪು ಎಳೆದು, ಕ್ಲಿಪ್ಪು ಬಿಗಿದು ಮುಗಿಸುವಾಗ ಬಿಸಿಲು ಇಳಿದಿತ್ತು. ಅಷ್ಟು ಹೊತ್ತೂ ಅವಳು ಹೊರಗೇ ಇದ್ದಳು. ಕೈಗೆ ಅಂಟಿದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ತೊಳೆದುಕೊಂಡಿರಲಿಲ್ಲ.

ಆಯಿತು ಅಕ್ಕಾ, ಇನ್ನು ಹಚ್ಚಬಹುದು ಅಂದೆ.

"ಜೀವ ಉಳಿಸಿದಿ ಅಂತಾರ ಎಲ್ಲಾರೂ," ಅಂದಳು. "ಉಳಿಸಿದಿ, ಹೌದು. ನಾಳಿಂದ ನನ್ನ ಗುಂಡಿ ನಾನ ತೊಳಕೊಂತೀನಿ."

ಅವಳಿಗೆ ಈಗ ಪೂಜೆಯ ಎಡೆ ಯಾರೂ ಹೇಳುವುದಿಲ್ಲ. ಚಕ್ಕುಲಿ ಕೊಳ್ಳುವವರೂ ಕಡಿಮೆಯಾದರು. ಮೊಟ್ಟೆ ತಿನ್ನುವ ಮನೆಗಳವರೇ ಮೊದಲು ಬಿಟ್ಟರು. ನೀಲವ್ವ ಅವಳ ಮನೆಯ ಕಡೆ ನೋಡಿ ನೋಡಿ ನಿಟ್ಟುಸಿರು ಬಿಡುತ್ತಾಳೆ. ಹಿಂದಿನ ಮನೆಯವರು ನಾವು, ಅಲ್ಲಿಗೆ ಹೋಗುವಂತಿಲ್ಲ. ಅವಳು ಬರುವುದಿಲ್ಲ. ನಾನು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಳು ಮತ್ತೆ ಕಡ್ಡಿ ಗೀರಲು ಹೋದರೆ ಮತ್ತೆ ಅದನ್ನೇ ಬೊಗಳುತ್ತೇನೆ.

ಊರೂ ಬದಲಾಯಿತು. ಬಾಯಿ ಬಿಡುವವನು ಒಬ್ಬ ಇದ್ದಾನೆ ಅಂದಮೇಲೆ ತಮ್ಮ ಹಿಂದೆಯೂ ಒಬ್ಬ ಇರಬಹುದು ಅಂತ ಎಲ್ಲರಿಗೂ ಅನಿಸಿರಬೇಕು. ಒಬ್ಬೊಬ್ಬರಾಗಿ ಸಾಲು ಸರಿಯುವ ಮೊದಲೇ ಎದ್ದು ತಮ್ಮ ಗುಂಡಿ ತಾವೇ ಬಾಚುತ್ತಾರೆ. ಸಿಪ್ಪೆ, ಎಲುಬು, ಖಾಲಿ ಬಾಟಲಿ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಎತ್ತಲೋ ಒಯ್ಯುತ್ತಾರೆ. ಚಹಾ ತಡವಾಗುತ್ತದೆ, ಸಾಲು ತಡವಾಗುತ್ತದೆ. ಊರು ಎಷ್ಟು ಚೊಕ್ಕ ಆಯಿತು ನೋಡು ಅಂತ ಈರಸಂಗಪ್ಪ ಹೇಳುತ್ತಾನೆ. ನಾವೂ ತೊಳೆಯುತ್ತೇವೆ. ನೀಲವ್ವನ ಮೊಣಕಾಲಿನ ಗುಳಿಗೆಯ ಕಾಗದ ಸಹ ಬಿಡುವುದಿಲ್ಲ.

ಆದರೂ ಬೆಳಿಗ್ಗೆ ನಿಂತ ಕೂಡಲೇ ನಾನು ಇಳಿದು ಹೋಗಿ ಸಾವಂತ್ರಕ್ಕ ಬಿಟ್ಟ ಗುಂಡಿಯ ಚಪ್ಪಡಿ ಸರಿಸುತ್ತೇನೆ. ಬೆನ್ನು ನೋಯುತ್ತದೆ, ಆದರೂ ಬಗ್ಗುತ್ತೇನೆ. ಕಲ್ಲು ತಿಕ್ಕಿ ತೊಳೆದಿರುತ್ತದೆ. ಒಂದು ಅಗುಳಿರುವುದಿಲ್ಲ, ಒಂದು ಕೂದಲೆಳೆ ಇರುವುದಿಲ್ಲ, ಎಣ್ಣೆಯ ಜಿಡ್ಡೂ ಇರುವುದಿಲ್ಲ.

"ಏನರ ಐತೇನ್ರಿ?" ಅಂತ ನೀಲವ್ವ ಕಿಟಕಿಯಿಂದ ಕೇಳುತ್ತಾಳೆ.

ಏನಿಲ್ಲ ಅನ್ನುತ್ತೇನೆ.

"ಉಂಡಾಳೋ ಇಲ್ಲೋ."

ನನಗೇನು ಗೊತ್ತು ಅಂತ ಚಪ್ಪಡಿ ಮುಚ್ಚುತ್ತೇನೆ.